ಮೂರನೆಯ ಸುತ್ತಿನಲ್ಲಿ ನಿಲ್ಲುತ್ತಿದ್ದ ಕಾರು

ಭೂಕಂಪವಾದ ವರ್ಷ ನಾವಿಬ್ಬರು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ಮೂರನೆಯ ಮಹಡಿಯ ಫ್ಲ್ಯಾಟೊಂದರಲ್ಲಿ ಬಾಡಿಗೆಗಿದ್ದೆವು. ನಾನು ದಾವಣಗೆರೆಯವನು, ಗೆಳೆಯ ಧಾರವಾಡದವನು. ಭೂಮಿ ನಡುಗಿದ ಬೆಳಿಗ್ಗೆ ಮೆಟ್ಟಿಲಿಳಿದು ಓಡುವಾಗ ಅವನು ನನ್ನ ಅಂಗಿಯ ಕಾಲರು ಹಿಡಿದುಕೊಂಡಿದ್ದ. ಕಟ್ಟಡಕ್ಕೆ ಏನೂ ಆಗಲಿಲ್ಲ. ಆದರೆ ಆಮೇಲೆ ಆ ಮನೆಯಲ್ಲಿ ಒಬ್ಬನೇ ಮಲಗುವುದು ನನ್ನಿಂದ ಸಾಧ್ಯವಾಗಲಿಲ್ಲ. ಅವನು ಊರಿಗೆ ಹೋದಾಗಲೆಲ್ಲ ನಾನು ಸಹೋದ್ಯೋಗಿಯೊಬ್ಬನ ಮನೆಗೆ ಹೋಗಿಬಿಡುತ್ತಿದ್ದೆ. ಇದನ್ನು ಅವನಿಗೆ ಹೇಳಿರಲಿಲ್ಲ.

ಇಬ್ಬರಿಗೂ ಸೇರಿದ ಒಂದು ಕಂಪ್ಯೂಟರ್ ಇತ್ತು. ಆಯುಧಪೂಜೆಯ ದಿನ ನಾನು ಅದಕ್ಕೆ ಪೂಜೆ ಮಾಡಿದೆ. ಸ್ಕೂಟರಿನ ಪೂಜೆಯಲ್ಲಿ ಇಂಜಿನ್ನಿಗೂ ಕುಂಕುಮ ಇಡುವುದು ನಮ್ಮ ಮನೆಯ ಪದ್ಧತಿ. ಹಾಗೆಂದು ಕಂಪ್ಯೂಟರಿನ ಡಬ್ಬಿಯನ್ನೂ ಬಿಚ್ಚಿ, ಒಳಗಿನ ವೈರುಗಳಿಗೆ ಒಂದು ಮೊಳ ಸೇವಂತಿಗೆ ಸಿಕ್ಕಿಸಿ ಮುಚ್ಚಿದೆ. ಅದೇ ಸಂಜೆ ಗೆಳೆಯ ಕಾರು ಓಡಿಸುವ ಆಟದ ಸಿ.ಡಿ. ತಂದು ಹಾಕಿದ. ಮೂರನೆಯ ಸುತ್ತಿನ ಹೊತ್ತಿಗೆ ಪರದೆ ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಯಂತ್ರ ತಾನಾಗಿ ಆರಿ ಮತ್ತೆ ಶುರುವಾಯಿತು. ಮರುದಿನವೂ ಹಾಗೆಯೇ.

"ನಿನ್ ಕಳ್ಳ ಸಿ.ಡಿ.ಯಿಂದ ವೈರಸ್ ಬಂದೈತೆ ನೋಡು," ಎಂದೆ.

"ಲೇ, ಆಫೀಸಿನ್ಯಾಗ ನಾಕ್ ಮಂದಿ ಇದನ್ನ ಆಡಾಕತ್ತಾರ. ನಿನ್ನಷ್ಟ ಹುಡುಕ್ಕೋತ ಬಂತೇನ್ ವೈರಸ್ಸು?"

ನಾನು ಬಿಡಲಿಲ್ಲ. ಊಟಕ್ಕೆ ಕೂತಾಗಲೂ, ಅವನನ್ನು ನೋಡಲು ಬಂದವರೆದುರಿಗೂ ಅದನ್ನೇ ಹೇಳಿದೆ. ಐದನೆಯ ದಿನ ಅವನು ಊರಿನ ಆಚೆ ತುದಿಯ ಚಾಂದ್‌ಖೇಡಾದಲ್ಲಿ ಒಂದು ಕೋಣೆ ನೋಡಿರುವುದಾಗಿಯೂ ಒಂದನೇ ತಾರೀಖಿಗೆ ಅಲ್ಲಿಗೆ ಹೋಗುವುದಾಗಿಯೂ ತಿಳಿಸಿದ. ಸಿಟ್ಟಿನಿಂದ ಹೇಳಲಿಲ್ಲ, ಟವೆಲ್ ಮಡಿಸುತ್ತ ಹೇಳಿದ.

"ಕಂಪ್ಯೂಟರ್ ನೀನ ಇಟ್ಕೊ. ಪೂಜಿ ಮಾಡ್ಕೋತ ಕುಂದ್ರು."

ಅವನು ಹೋದರೆ ನಾನು ಆ ಮನೆಯಲ್ಲಿ ಇರಲಾರೆ. ವೈರಸ್ಸನ್ನು ಹಿಡಿದು ತೋರಿಸಿದರೆ ಅವನು ತಪ್ಪು ಒಪ್ಪಿಕೊಂಡು ಉಳಿದಾನು ಎಂದುಕೊಂಡೆ. ಹೇಗೆ ಹಾಗೆ ಅಂದುಕೊಂಡೆನೋ ಈಗ ತಿಳಿಯದು.

ಕಾರಣ ಹುಡುಕುವುದು ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಆಟವನ್ನು ತೆಗೆದು ಮತ್ತೆ ಹಾಕಿದೆ. ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಡಬ್ಬಿ ಬಿಚ್ಚಿ, ಮೆಮೊರಿಯ ಪಟ್ಟಿಯನ್ನು ಕಿತ್ತು, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದೆ. ಪ್ರತಿ ಸಲವೂ ಆಟ ನಿಂತಿತು. ಆದರೆ ಬರೆದಿಟ್ಟ ಹಾಳೆಯಲ್ಲಿ ಒಂದು ಸಂಗತಿ ಕಂಡಿತು: ತಣ್ಣಗಿದ್ದಾಗ ಹಚ್ಚಿದರೆ ಹದಿನೆಂಟು ನಿಮಿಷ ಓಡುತ್ತಿತ್ತು, ನಿಂತ ಕೂಡಲೇ ಮತ್ತೆ ಹಚ್ಚಿದರೆ ನಾಲ್ಕೇ ನಿಮಿಷ. ವೈರಸ್ಸು ಹೀಗೆ ದಣಿಯುವುದಿಲ್ಲ. ಇದು ಬಿಸಿಯ ಕೆಲಸ.

ಡಬ್ಬಿಯನ್ನು ತೆರೆದಿಟ್ಟುಕೊಂಡೇ ಆಟ ಹಚ್ಚಿದೆ. ಪ್ರೊಸೆಸರನ್ನು ತಣ್ಣಗಿಡುವ ಪುಟ್ಟ ಫ್ಯಾನು ತೆವಳುತ್ತ ತಿರುಗುತ್ತಿತ್ತು. ಸೇವಂತಿಗೆಯ ದಾರ ಜಾರಿ ಅದರ ನಡುವಿಗೆ ಸುತ್ತಿಕೊಂಡಿತ್ತು. ಒಣಗಿದ ಎಸಳುಗಳು ಕೆಳಗಿನ ಅಲ್ಯೂಮಿನಿಯಂ ಸಂದುಗಳಲ್ಲಿ ತುಂಬಿದ್ದವು. ಮೆಮೊರಿ ಕಿತ್ತ ದಿನವೂ ಆ ಹೂವನ್ನು ನಾನು ನೋಡಿದ್ದೆ. ಪೂಜೆಯ ಹೂವೆಂದು ಮುಟ್ಟಿರಲಿಲ್ಲ. ಬದಲಿಸಿ ನೋಡಬೇಕಾದವುಗಳ ನನ್ನ ಹಾಳೆಯಲ್ಲಿ ಅದಿರಲೇ ಇಲ್ಲ.

ಗೆಳೆಯ ಪಕ್ಕದ ಕೋಣೆಯಲ್ಲಿ ಅಂಗಿ ಇಸ್ತ್ರಿ ಮಾಡುತ್ತಿದ್ದ. ಮೆಮೊರಿ ಸಡಿಲವಾಗಿತ್ತು ಎಂದುಬಿಡಬಹುದಿತ್ತು. ಹಾಗೆನ್ನದೆ ಅವನನ್ನು ಕರೆದೆ.

"ಸಿ.ಡಿ.ದಲ್ಲ ಕಣೋ. ನಾನಿಟ್ಟ ಹೂವು."

ಅವನು ಬಗ್ಗಿ ನೋಡಿದ. "ಈಗ ದೇವರ ಮ್ಯಾಲ ಹಾಕ್ತೀ ಏನ್?"

"ಇಲ್ಲ, ತಪ್ಪು ನಂದೇ. ಇನ್ನೊಂದು ಮಾತು. ನೀನು ಹೋದ್ರೆ ನಾನಿಲ್ಲಿ ಇರಕ್ಕಾಗಲ್ಲ. ನೀನು ಊರಿಗೆ ಹೋದಾಗ್ಲೂ ನಾನಿಲ್ಲಿ ಮಲಗಲ್ಲ."

"ಗೊತ್ತೈತಿ. ವಾಚ್‌ಮನ್ ಯಾವಾಗೋ ಹೇಳ್ಯಾನ."

ದಾರವನ್ನು ಬ್ಲೇಡಿನಿಂದ ಕತ್ತರಿಸಿ, ಎಸಳುಗಳನ್ನು ಚಿಮಟದಿಂದ ಹೆಕ್ಕಿದೆ. ಅವನು ಆಡಲು ಕೂತ. ಮೂರನೆಯ ಸುತ್ತು ದಾಟಿತು. ಏಳನೆಯದೂ ದಾಟಿತು. ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ:

"ಚಾಂದ್‌ಖೇಡಾದ ಮಾಲೀಕಗ ನೀನ ಫೋನ್ ಮಾಡು. ನಿನ್ ಹಿಂದಿ ಕೇಳಿದ್ರ ಅವನ ಬ್ಯಾಡ ಅಂತಾನ."

ಕೆಳಗಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಕೊನೆ ಗಳಿಗೆಯಲ್ಲಿ ಕೋಣೆ ಬೇಡವೆಂದಿದ್ದಕ್ಕೆ ಮಾಲೀಕ ಚೆನ್ನಾಗಿ ಬೈದ. ಗೆಳೆಯ ಗಾಜಿನ ಹೊರಗೆ ನಿಂತು ನೋಡುತ್ತಿದ್ದ. "ಗಲತೀ ಮೇರೀ ಹೈ," ತಪ್ಪು ನನ್ನದು, ಎಂದು ನಾನು ಎರಡು ಸಲ ಹೇಳಿದೆ. ಎರಡನೆಯ ಸಲ ತಡವರಿಸಲಿಲ್ಲ.