ಕೆಂಪು ಕಾರಿನ ಎಡ ಮಡ್‌ಗಾರ್ಡ್

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಮುದ್ದೇಬಿಹಾಳದ ಟಿಂಕರ್ ಬೀರಣ್ಣನ ಬಾಳು ಹಾಗೇ ಆಯಿತು. ಪುಣೆಯ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ಶ್ರೀಮಂತರ ಹಳೇ ಇಟಲಿ ಕಾರುಗಳ ತಗಡು ಬಡಿದವನು, ಊರವರ ಪಾಲಿಗೆ ಮಾತ್ರ ಆಟೋದ ಡೊಂಕು ತೆಗೆಯುವವ. ಆ ಕಾರುಗಳ ಮಾತೆತ್ತಿದರೆ ಸಾಕು, ಚಹಾದಂಗಡಿಯವರು "ಬಂತಪಾ ಇಟಲಿ!" ಎಂದು ನಗುತ್ತಿದ್ದರು. ಕೇಳುತ್ತಿದ್ದವಳು ಹೆಂಡತಿ ಸುಂದರವ್ವ ಒಬ್ಬಳೇ. ಅವಳೂ ನಂಬುತ್ತಿರಲಿಲ್ಲ ಬಿಡಿ, ಆದರೂ ಕೇಳುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷವಾಯಿತು.

ಒಂದು ಮಧ್ಯಾಹ್ನ ವಿಜಯಪುರದ ಅನಿಲ ಸಾವಕಾರರು ಪುಣೆಯ ಆ ಗ್ಯಾರೇಜಿನ ಮಾಲೀಕರಿಂದ ಬೀರಣ್ಣನ ನಂಬರು ಪಡೆದು, ದಿಲ್ಲಿಯಿಂದ ವಿಡಿಯೋ ಕಾಲ್ ಮಾಡಿದರು. ಹಳೇ ಕಾರು ಕೂಡಿಡುವ ಹುಚ್ಚು ಅವರಿಗೆ. ಅವರ ಎದುರಿಗೆ ಮಾರಾಟಕ್ಕಿದ್ದ ಎರಡು ಇಟಲಿ ಕಾರು, ಅರವತ್ತರ ದಶಕದ ಆಲ್ಫಾ ರೋಮಿಯೋ, ನಿಂತಿದ್ದವು.

"ಕಾಕಾ, ಒಂದ ಒಯ್ಯಾಂವ ಅದೇನಿ. ತಗಡೆಲ್ಲಾ ಕಂಪನಿದ ಇರಬೇಕು, ಆಮ್ಯಾಲ ಕೂಡಿಸಿದ್ದು ಬ್ಯಾಡ. ಬೂದಿ ಬಣ್ಣದ್ದು ಕೆಮ್ಮತೈತಿ, ಸೀಟೂ ಹರದಾವ. ಕೆಂಪದು ಮದುಮಗಳಂಗ ಐತಿ. ಯಾವದು ತಗೊಳ್ಳಿ?"

ಬೂದಿ ಕಾರಿನ ಬೆಸುಗೆಗಳನ್ನೆಲ್ಲ ಫೋನಿನಲ್ಲೇ ನೋಡಿ ಮುಗಿಸಿದ ಬೀರಣ್ಣ, ಕೆಂಪು ಕಾರಿನ ಎಡ ಮಡ್‌ಗಾರ್ಡ್ ಕಂಡದ್ದೇ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡ. ಅಯ್ಯೋ, ಆ ಉಬ್ಬು! ಅಪಘಾತದಲ್ಲಿ ನುಜ್ಜುಗುಜ್ಜಾದ ಮಡ್‌ಗಾರ್ಡನ್ನು ಕಿತ್ತೆಸೆದು, ಬರೀ ತಗಡಿನಿಂದ ಐವತ್ತು ದಿನ ಬಡಿದು ಅದನ್ನು ಮಾಡಿದವನು ತಾನೇ. ಅಷ್ಟು ಚೆಂದದ್ದನ್ನು ಅವನು ಮತ್ತೆ ಮಾಡಲಿಲ್ಲ.

ಇದನ್ನು ಹೇಳದಿದ್ದರೆ ಕೆಂಪು ಕಾರೇ ವಿಜಯಪುರಕ್ಕೆ ಬರುತ್ತದೆ. ಬಸ್ಸಿಗೆ ಎರಡು ತಾಸು. ಹೋಗಿ ಮುಟ್ಟಿ ಬರಬಹುದು, ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಮನುಷ್ಯ ನಂಬಿ ಕೇಳಿದ್ದಾನೆ. ಹಾಗೆ ಕೇಳಿದವರು ಈ ಜನ್ಮದಲ್ಲಿ ಎಷ್ಟು ಮಂದಿ?

"ಸಾವಕಾರ್ರ, ಕೆಂಪದರ ಎಡ ಮಡ್‌ಗಾರ್ಡ್ ಒಳಗ ಕೈ ಹಾಕ್ರಿ. ಅಂಚಿಗೆ ಎರಡು ಕಚ್ಚು ಅದಾವೇನ್ರಿ?"

"ಅದಾವಲ್ಲ! ನಿಮಗ ಹೆಂಗ ಗೊತ್ತು?"

"ನಮ್ಮಪ್ಪ ಕುರಿ ಕಿವಿಗೆ ಹಂಗ ಗುರುತು ಮಾಡ್ತಿದ್ದ. ನಾ ತಗಡಿಗೆ ಮಾಡೇನಿ. ಅದು ಇಟಲಿದಲ್ರಿ, ನಂದು. ಬೂದಿದನ್ನ ಯಾರೂ ಮುಟ್ಟಿಲ್ಲ, ಅದನ್ನ ತಗೋರಿ."

"ಅಬ್ಬಾ! ಮೂರು ಮಂದಿ ತಿಳದವರು ಕಂಪನಿದ ಅಂದಿದ್ರು. ಉಳಿಸಿದ್ರಿ ಕಾಕಾ. ಕೆಂಪದು ಯಾರರ ಒಯ್ಲಿ."

"ಸಾವಕಾರ್ರ, ಇನ್ನೊಮ್ಮೆ ಅದನ್ನ ತೋರಸ್ತೀರೇನು..."

ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ಬೀರಣ್ಣ ಯಾರೂ ಇಲ್ಲದ ತನ್ನ ಶೆಡ್ಡಿನತ್ತ ತಿರುಗಿದ. "ಮೂರು ಮಂದಿ ಕಂಪನಿದ ಅಂದಾರಂತ ನೋಡು. ಈಗರ ನಂಬತೀಯೇನ, ಸುಂದರಾ?" ಎಂದ. ಆಮೇಲೆ ಆಟೋದ ಮಡ್‌ಗಾರ್ಡ್ ಎಳೆದುಕೊಂಡು ಬಡಿಯತೊಡಗಿದ.