ಐದನೇ ಘಾಟ್

ನನ್ನ ಎಡತೋಳಿನ ಒಳಮಗ್ಗುಲಲ್ಲಿ ಎರಡು ಕಲೆಗಳಿವೆ. ಎರಡೂ ನಮ್ಮ ಅತ್ತೆಯ ಎಡಗೈ ಹೆಬ್ಬೆರಳಿನ ಉಗುರಿನವು. ಆ ಉಗುರು ದಪ್ಪಗೆ, ಹಳದಿಯಾಗಿ, ತುದಿಯಲ್ಲಿ ತುಸು ಬಾಗಿ, ಒಣಗಿದ ತೊಗರಿಕಾಯಿಯ ಸಿಪ್ಪೆಯ ಹಾಗಿತ್ತು. ಅದನ್ನು ಅವರು ಎಂದೂ ಕತ್ತರಿಸುತ್ತಿರಲಿಲ್ಲ. ಮೆಣಸಿನಕಾಯಿ ತೊಟ್ಟು ಮುರಿಯಲು, ಬಳ್ಳೊಳ್ಳಿ ಸುಲಿಯಲು, ಪುಂಡಿಪಲ್ಯೆ ಸೋಸಲು, ಸೊಸೆಯನ್ನು ಚಿವುಟಲು ಅದೊಂದೇ ಸಾಕಾಗುತ್ತಿತ್ತು. ಮೊದಲನೇ ಕಲೆ ಮದುವೆಯಾದ ಮೂರನೇ ತಿಂಗಳಿನದು, ಹಾಲು ಉಕ್ಕಿಸಿದ್ದಕ್ಕೆ. ಎರಡನೆಯದು ಅವರು ಕಣ್ಣು ಮುಚ್ಚಿದ ದಿನದ್ದು. ಆ ದಿನಕ್ಕಿಂತ ಮುಂಚೆ ಎಂಟು ವರ್ಷ ಆ ಉಗುರು ನನ್ನನ್ನು ಮುಟ್ಟಿರಲಿಲ್ಲ.

ನಾನು ಜೇವರ್ಗಿಯವಳು. ಆಳಂದ ತಾಲ್ಲೂಕಿನ ಸರಸಂಬಾಕ್ಕೆ ಕೊಟ್ಟರು. ಅತ್ತೆಯ ತವರು ಅಫಜಲಪುರದ ಕಡೆ, ಭೀಮಾ ದಂಡೆಯ ಒಂದು ಹಳ್ಳಿ. ಗಾಣಗಾಪುರ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಹೊಳೆಯ ನೀರಿನಲ್ಲೇ ಬೆಳೆದವರಾದ್ದರಿಂದ ನೀರಿನ ಮುಂದೆ ಮಾತ್ರ ಅವರು ತಲೆ ಬಾಗಿಸುತ್ತಿದ್ದರು. ತಂಬಿಗೆಯನ್ನು ಕಣ್ಣಿಗೊತ್ತಿಕೊಳ್ಳದೆ ಒಂದು ಗುಟುಕು ಕುಡಿದದ್ದನ್ನು ನಾನು ಕಂಡಿಲ್ಲ. ಉಳಿದಂತೆ ಅವರು ಯಾರಿಗೂ, ಯಾವುದಕ್ಕೂ ಬಾಗಿದವರಲ್ಲ. ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, ‘ಜೇವರ್ಗಿಯಾಕಿ’ ಎನ್ನುತ್ತಿದ್ದರು. ರೊಟ್ಟಿ ಬಡಿಯುವ ಸಪ್ಪಳವನ್ನು ಹೊರಗಿನ ಕಟ್ಟೆಯ ಮೇಲೆ ಕೂತು ಕೇಳಿ, ದಪ್ಪಾಗಿದೆಯೋ ಹರಿದಿದೆಯೋ ಹೇಳುತ್ತಿದ್ದರು. ದಪ್ಪಾದದ್ದನ್ನು ನನ್ನ ಕಣ್ಣೆದುರೇ ಎಮ್ಮೆಯ ಮುಂದೆ ಇಟ್ಟು, “ತಿನ್ನವ್ವ, ನಿನ್ನ ಹಲ್ಲರ ಗಟ್ಟಿ ಅದಾವ” ಎನ್ನುತ್ತಿದ್ದರು. ನಾನು ಅಳುತ್ತಾ ಇದ್ದರೂ ಒಂದೆರಡು ಸಲ ನಗು ತಡೆಯಲಾಗದೆ ಒಳಗೆ ಓಡಿದ್ದುಂಟು.

“ಹಿಂದ ಒಂದು ಮುಂದ ಒಂದು ನನಗ ಬರಂಗಿಲ್ಲ” ಎಂಬುದು ಅವರು ದಿನಕ್ಕೊಮ್ಮೆ ಆಡುತ್ತಿದ್ದ ಮಾತು. ಅದು ನಿಜವೂ ಆಗಿತ್ತು. ಮದುವೆಯಾಗಿ ಆರನೇ ವರ್ಷ ನಡೆದರೂ ನನಗೆ ಮಕ್ಕಳಾಗಲಿಲ್ಲ. ಕಲಬುರಗಿಯ ಡಾಕ್ಟರು ಇಬ್ಬರಲ್ಲೂ ಏನೂ ದೋಷವಿಲ್ಲ, ಕಾಯಿರಿ ಎಂದರು. ಅತ್ತೆಗೆ ಕಾಯುವುದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ, ನಾನು ಒಲೆಯ ಮುಂದೆ ಇದ್ದಾಗ ಎದುರಿಗೆ ಬಂದು ಕೂತು ಹೇಳಿದರು: “ಏಳನೇ ವರ್ಷ ಹತ್ತಿದ್ರ ನಾ ತಮ್ಮನ ಮಗಳನ್ನ ತರಾಕಿ. ನಿನ್ನ ಹಿಂದ ಮಾತಾಡಂಗಿಲ್ಲ, ಮುಂದ ಹೇಳಾಕತ್ತೇನಿ.” ಆ ಹುಡುಗಿ ಅಫಜಲಪುರದಲ್ಲಿದ್ದಳು. ನಾನು ನೋಡಿದ್ದೆ, ಒಳ್ಳೆಯ ಹುಡುಗಿ. ನನ್ನ ಗಂಡ ಆಳಂದದ ಬ್ಯಾಳಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಕೇಳಿದರೆ “ನೋಡೂಣು ತಗೋ” ಎಂದರು. ಆ ಮನುಷ್ಯ ಜೀವಮಾನದಲ್ಲಿ ಆಡಿದ ಮಾತೆಲ್ಲ ಹೆಚ್ಚುಕಡಿಮೆ ಅದೇ.

ಆ ವರ್ಷ ಬಿಳಿಜೋಳದ ಬಿತ್ತಿಗೆ ಮುಗಿದ ಮೇಲೆ ನಮ್ಮ ಮಹಿಳಾ ಸಂಘದ ಹೆಂಗಸರೆಲ್ಲ ಸೇರಿ ಧರ್ಮಸ್ಥಳ, ಹೊರನಾಡಿಗೆ ಹೋಗಿಬರುವುದೆಂದು ಗೊತ್ತುಮಾಡಿದೆವು. ಸಂಘದ ಕಾರ್ಯದರ್ಶಿ ನಾನೇ. ಆಳಂದದಿಂದ ಟೆಂಪೋದ ಡ್ರೈವರ್ ಚಾಚಾ ಮನೆಗೆ ಬಂದು ದಾರಿ ವಿವರಿಸಿದ: “ಧರ್ಮಸ್ಥಳದಿಂದ ಕುದುರೆಮುಖ ಘಾಟ್ ಹಿಡಿಯೂಣ್ರಿ ಅಕ್ಕಾ. ಜಂಗಲ್‌ದಾಗ ರಸ್ತಾ, ಹಾದಿಗುಂಟ ನೀರಿನ ಧಬಧಬಿ ಬೀಳ್ತಿರ್ತಾವ. ಎಲ್ಲಾ ತೋರಿಸ್ತೇನಿ.” ಕಟ್ಟೆಯ ಮೇಲೆ ತೊಗರಿಬೇಳೆ ಆರಿಸುತ್ತಿದ್ದ ಅತ್ತೆ ತಲೆಯೆತ್ತಿದರು. ಅದುವರೆಗೆ, ದುಡ್ಡು ಕೊಟ್ಟು ವಾಂತಿ ಮಾಡ್ಕೊಳ್ಳಾಕ ನಾ ಬರಂಗಿಲ್ಲ ಎಂದಿದ್ದವರು, “ಘಾಟ್ ಅದೇನು? ಹಂಗಾರ ನಾನೂ ಬರ್ತೇನಿ” ಎಂದರು. ನನ್ನ ಕನಸಿನ ಪ್ರವಾಸ ಅಲ್ಲಿಗೇ ಅರ್ಧ ಸತ್ತಿತು.

ಧರ್ಮಸ್ಥಳದಲ್ಲಿ ನೇತ್ರಾವತಿಯ ಸ್ನಾನಘಟ್ಟಕ್ಕೆ ಇಳಿದೆವು. ಅತ್ತೆ ಎಲ್ಲರಿಗಿಂತ ಕೆಳಗೆ, ಒಬ್ಬರೇ ಹೋಗಿ ಮುಳುಗಿ, ಸೆರಗಿನಿಂದ ಏನನ್ನೋ ತೆಗೆದು ನೀರಿಗೆ ಬಿಟ್ಟರು. ನಾನು ಕೇಳಲಿಲ್ಲ, ಕೇಳಿದರೆ ಬೈಗುಳ ಖಾತ್ರಿ. ಸ್ನಾನವಾದ ಮೇಲೆ ಹೆಂಗಸರು ಒಬ್ಬರಿಗೊಬ್ಬರು ಉಡಿ ತುಂಬತೊಡಗಿದರು. ಪಕ್ಕದ ಮನೆಯ ಗೆಳತಿಯ ಉಡಿಗೆ ಹಾಕಲೆಂದು ನಾನೂ ಬೊಗಸೆಯಲ್ಲಿ ಅಕ್ಕಿ ಹಿಡಿದೆ. ಅತ್ತೆ ನನ್ನ ಕೈಯನ್ನು ಬದಿಗೆ ಸರಿಸಿದರು. “ಖಾಲಿ ಉಡಿಯಾಕಿ ಮಂದಿ ಉಡಿ ತುಂಬಬ್ಯಾಡ.” ಹನ್ನೆರಡು ಜನ ಹೆಂಗಸರು, ಒದ್ದೆ ಮೆಟ್ಟಿಲು, ನನ್ನ ಬೊಗಸೆಯಿಂದ ಜಾರಿ ಬಿದ್ದ ಅಕ್ಕಿ. ಗೆಳತಿ ಕೆಳಗೆ ನೋಡುತ್ತಾ ನಿಂತಳು.

ಮೆಟ್ಟಿಲು ಹತ್ತುವಾಗ ಅತ್ತೆ, ಏನೂ ಆಗಿಲ್ಲವೆಂಬಂತೆ ನನ್ನ ಭುಜಕ್ಕೆ ಕೈಯೂರಿ ಕೇಳಿದರು: “ನಾಳಿನ ಘಾಟಿಗೂ ಇಷ್ಟೇ ಮೆಟ್ಟಲ ಅದಾವೇನ ಬೇ?”

ನನಗೆ ಆಗ ಹೊಳೆಯಿತು. ಗಾಣಗಾಪುರದ ಬದಿಯಲ್ಲಿ ಹುಟ್ಟಿದವರಿಗೆ ಘಾಟ್ ಎಂದರೆ ಹೊಳೆಗಿಳಿಯುವ ಮೆಟ್ಟಿಲು, ಸಂಗಮದ ಸ್ನಾನ, ಅಷ್ಟೇ. ಗುಡ್ಡದ ರಸ್ತೆಗೂ ಘಾಟ್ ಎನ್ನುತ್ತಾರೆಂಬುದು ಅತ್ತೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮೊಬೈಲಿನಲ್ಲಿ ಆ ರಸ್ತೆಯ ವಿಡಿಯೋವನ್ನು ಹತ್ತು ಸಲ ನೋಡಿದ್ದೆ. ಒಂದು ಮಾತಿನಲ್ಲಿ ತಿದ್ದಬಹುದಿತ್ತು. “ಬಾಳ ಮೆಟ್ಟಲ ಅದಾವ್ರಿ ಅತ್ತಿ” ಎಂದೆ. “ಒಣ ಸೀರಿ ಕೈಯಾಗೇ ಇಟ್ಕೋರಿ.”

ಆ ಸಂಜೆಯೇ ಗೆಳತಿಯ ಕಿವಿಯಲ್ಲಿ ಹೇಳಿದೆ. ಅವಳು ಇನ್ನೊಬ್ಬಳಿಗೆ ಹೇಳಿದಳು. ಮರುದಿನ ಬೆಳಗಾಗುವಷ್ಟರಲ್ಲಿ ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಾಗಿತ್ತು.

ಅತ್ತೆ ಚಹಾ ಕುಡಿಯಲಿಲ್ಲ. ಘಾಟಿಗೆ ಖಾಲಿ ಹೊಟ್ಟೆಯಲ್ಲೇ ಇಳಿಯಬೇಕೆಂದು, ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಒಂದು ಗಂಟು ಇಟ್ಟುಕೊಂಡು ಕೂತರು. ಅರಣ್ಯದ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟು ಒಳಗೆ ಬಿಟ್ಟರು. ನಾವು ಎರೆಹೊಲದ ಜನ. ಎತ್ತ ನೋಡಿದರೂ ಮೈದಾನ ಕಂಡವರು. ಅಷ್ಟು ಹಸಿರನ್ನು ಒಮ್ಮೆಗೇ ನೋಡಿ ಕಣ್ಣು ತಡೆದುಕೊಳ್ಳಲಿಲ್ಲ. ಒಂದು ತಿರುವಿನಲ್ಲಿ ಕರಿಬಂಡೆಯ ಮೇಲಿಂದ ಬೆಳ್ಳಗೆ ನೀರು ಬಿದ್ದು, ತುಂತುರು ರಸ್ತೆಯವರೆಗೆ ಹಾರುತ್ತಿತ್ತು. ಚಾಚಾ ಗಾಡಿ ನಿಲ್ಲಿಸಿದ. ಎಲ್ಲರೂ ಕಿರುಚುತ್ತಾ ಇಳಿದರು.

“ಘಾಟ್ ಬಂತೇನ ಬೇ?” ಅತ್ತೆ ಕೇಳಿದರು.

“ಇಲ್ರಿ. ಮುಂದ ಅದರಿ ಅತ್ತಿ.”

ಅವರು ಇಳಿಯಲಿಲ್ಲ. ಕಿಟಕಿಯಿಂದ ಆ ನೀರಿಗೆ ಕೈಮುಗಿದು ಕೂತರು. ಎರಡನೇ ಧಬಧಬಿಯಲ್ಲೂ ಹಾಗೆಯೇ ಆಯಿತು. ಈ ಸಲ ಹಿಂದಿನ ಸೀಟಿನವರೂ ನನ್ನ ಜೊತೆ ದನಿಗೂಡಿಸಿ “ಮುಂದ ಅದರೀ” ಎಂದು ರಾಗ ಎಳೆದರು. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಆರು ವರ್ಷ ನನ್ನನ್ನು ನೋಡಿ ಅಯ್ಯೋ ಎಂದವರು ಆ ದಿನ ನನ್ನ ಪಕ್ಷಕ್ಕೆ ಬಂದಿದ್ದರು. ಅದೆಷ್ಟು ಹಿತವಾಗಿತ್ತೆಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಆದರೆ ಹಿತವಾಗಿತ್ತು.

ಮೂರನೆಯ ಕಡೆ ಮೆಟ್ಟಿಲುಗಳಿದ್ದವು. ರಸ್ತೆಯ ಬದಿಯಿಂದ ಕೆಳಗೆ, ಕಾಡಿನೊಳಗೆ ಇಳಿದು ಹೋಗುವ ಉದ್ದನೆಯ ಮೆಟ್ಟಿಲು. ಕೆಳಗಿನಿಂದ ನೀರಿನ ಮೊರೆತ ಕೇಳುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಜನ ಹತ್ತಿ ಬರುತ್ತಿದ್ದರು. ಅತ್ತೆ ಅದನ್ನು ಕಂಡವರೇ ಎದ್ದರು. ಗಂಟನ್ನು ಎದೆಗವಚಿಕೊಂಡು, ಒಂದು ಕಾಲು ಕೆಳಗಿಟ್ಟೇ ಬಿಟ್ಟಿದ್ದರು. ಮುಖದಲ್ಲಿ ನಾನು ಹಿಂದೆಂದೂ ನೋಡಿರದ ಒಂದು ಆತುರವಿತ್ತು.

“ಇದಲ್ರಿ ಅತ್ತಿ” ಎಂದೆ. “ಇದು ಬರೇ ನೋಡಾಕ ಮಾಡ್ಯಾರ. ನಮ್ಮ ಘಾಟ್ ಮುಂದ ಅದ.”

“ಬರೋಬರ್ ಗೊತ್ತದ ನಿನಗ?”

“ಗೊತ್ತದರಿ.”

ನನ್ನ ಮಾತನ್ನು ಅವರು ನಂಬಿದ್ದು ಅದೇ ಮೊದಲು. ಕಾಲು ಒಳಗೆಳೆದುಕೊಂಡು ಮತ್ತೆ ಕೂತರು. ನಾನು ಮಾತ್ರ ಅಷ್ಟೂ ಮೆಟ್ಟಿಲು ಇಳಿದು ಹೋಗಿ, ನೀರಿನ ಎದುರು ನಿಂತು ಮುಖ ತೋಯಿಸಿಕೊಂಡೆ. ಗೆಳತಿಯ ಕೈಹಿಡಿದು ಕುಣಿದೆ. ಮೇಲೆ ಒಬ್ಬರು ಬಾಯಿಗೆ ನೀರು ಸಹ ಹಾಕದೆ ಕೂತಿದ್ದಾರೆಂದು ನೆನಪಿತ್ತು, ನೆನಪಿದ್ದದ್ದರಿಂದಲೇ ಇನ್ನಷ್ಟು ಕುಣಿದೆ.

ಮಧ್ಯಾಹ್ನದ ಹೊತ್ತಿಗೆ ಆಚೆಯ ಗೇಟು ಬಂತು. ಚೀಟಿ ತೋರಿಸಿ ಬಂದ ಚಾಚಾ, “ಘಾಟ್ ಮುಗೀತ್ರಿ. ಇನ್ನ ಹೊರನಾಡಾಗ ಊಟ” ಎಂದ.

“ಮುಗೀತು? ಎಲ್ಲೋ ಮುಗೀತು? ನಾ ಜಳಕ ಮಾಡೇ ಇಲ್ಲ!” ಅತ್ತೆ ಗಾಬರಿಯಿಂದ ಗಂಟು ಎತ್ತಿ ತೋರಿಸಿದರು.

ಪಾಪ, ಅವನಿಗೆ ನಮ್ಮ ಕುಹಕ ಗೊತ್ತಿರಲಿಲ್ಲ. “ಅವ್ವಾ, ಈ ಗುಡ್ಡದ ರಸ್ತಾಕ್ಕೇ ಘಾಟ್ ಅಂತಾರ್ರಿ. ಜಳಕದ ಘಾಟ್ ಇಲ್ಲಿ ಯಾವುದೂ ಇಲ್ಲ” ಎಂದ. ಟೆಂಪೋದೊಳಗೆ ಅದುವರೆಗೆ ಅದುಮಿಟ್ಟಿದ್ದ ನಗು ಒಮ್ಮೆಗೇ ಸ್ಫೋಟಿಸಿತು. ಎಲ್ಲರಿಗಿಂತ ದೊಡ್ಡ ನಗು ನನ್ನದು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಅತ್ತೆ ನಗುವವರನ್ನು ನೋಡಲಿಲ್ಲ. ನನ್ನೊಬ್ಬಳನ್ನೇ ನೋಡಿದರು. ಆಮೇಲೆ ಗಂಟು ಬಿಚ್ಚಿದರು. ಹಸಿರು ಕುಪ್ಪಸದ ಖಣ, ತೆಂಗಿನಕಾಯಿ, ಐದು ಉತ್ತತ್ತಿ, ಹಸಿರು ಬಳೆ. ಅದರ ನಡುವೆ ಅಂಗೈಯಷ್ಟು ದೊಡ್ಡ ಕಟ್ಟಿಗೆಯ ತೊಟ್ಟಿಲು.

“ಐದು ಘಾಟಿಗೆ ಬೇಡಿಕೊಂಡಿದ್ದೆ” ಎಂದರು. ದನಿ ಏರಿಸಲಿಲ್ಲ. “ಗಾಣಗಾಪುರ ಆತು, ಪಂಢರಪುರ ಆತು, ಶ್ರೀಶೈಲ ಆತು, ನಿನ್ನೆ ನೇತ್ರಾವತಿ ಆತು. ಇದು ಐದನೇದು. ಈ ಜೇವರ್ಗಿಯಾಕಿ ಉಡಿ ತುಂಬವ್ವ, ಇನ್ನೊಬ್ಬಾಕಿನ್ನ ತರೂ ಪಾಳಿ ನನಗ ತರಬ್ಯಾಡವ್ವ ಅಂತ ಕೇಳಾಕ ಹೊಂಟಿದ್ದೆ. ತಮ್ಮಗ ಎರಡು ವರ್ಷದಿಂದ ತಡಿ, ತಡಿ ಅನ್ನಾಕತ್ತೇನಿ.”

ನಗು ನಿಂತಿತು. ನಾನು ಕಾಲು ಹಿಡಿದೆ. ಹೊರನಾಡಿನ ಹಾದಿಯಲ್ಲೇ ಹೊಳೆ ಅದರಿ, ಇಳೀರಿ ಅತ್ತಿ, ನಾನೇ ಕೈಹಿಡಿದು ಇಳಿಸ್ತೇನಿ ಎಂದು ಬೇಡಿಕೊಂಡೆ. ಚಾಚಾ ಗಾಡಿ ತಿರುಗಿಸಲೂ ತಯಾರಾದ.

“ಬ್ಯಾಡ” ಎಂದರು. “ಹರಕಿ ನಿಂದಿತ್ತು, ನೀನ ನಕ್ಕಿ. ನಕ್ಕ ಹರಕಿ ಗಂಗವ್ವ ಮುಟ್ಟಂಗಿಲ್ಲ.” ಗಂಟನ್ನು ಮತ್ತೆ ಕಟ್ಟಿ, ಒಣ ಸೀರೆಯೊಳಗೆ ಸುತ್ತಿಟ್ಟರು.

ಉಗಾದಿ ಕಳೆದ ಮೇಲೆ ತಮ್ಮನ ಮಗಳನ್ನು ತಂದರು. ಕಾನೂನು ಏನೆಂದು ನನಗೆ ಗೊತ್ತಿತ್ತು. ಠಾಣೆಗೆ ಹೋಗಬಹುದಿತ್ತು, ಜೇವರ್ಗಿಯ ಅಣ್ಣಂದಿರು ಕರೆಯಲೂ ಬಂದಿದ್ದರು. ನಾನು ಹೋಗಲಿಲ್ಲ. ಗಂಡ ಎರಡು ದಿನ ಮುಖ ತಪ್ಪಿಸಿ ಓಡಾಡಿ, ಮೂರನೇ ದಿನ ಊಟಕ್ಕೆ ಕೂತರು. ಅವಳಿಗೆ ಒಂದು ಹೆಣ್ಣು, ಒಂದು ಗಂಡು ಹುಟ್ಟಿದವು. ನನ್ನನ್ನು ದೊಡ್ಡವ್ವ ಎನ್ನುತ್ತವೆ. ಆ ಕಟ್ಟಿಗೆಯ ತೊಟ್ಟಿಲಲ್ಲಿ ಹುಡುಗಿ ಬಟ್ಟೆಯ ಗೊಂಬೆ ಮಲಗಿಸಿ ನನ್ನಿಂದಲೇ ಜೋಗುಳ ಹೇಳಿಸುತ್ತಿದ್ದಳು.

ಅತ್ತೆ ಮಾತ್ರ ಬದಲಾದರು. ಟೆಂಪೋದಿಂದ ಇಳಿದ ದಿನದಿಂದ ನನ್ನನ್ನು ಬಯ್ಯಲಿಲ್ಲ. ರೊಟ್ಟಿ ದಪ್ಪಾದರೂ ಸುಮ್ಮನೆ ತಿಂದು ಏಳುತ್ತಿದ್ದರು. ಹಾಲು ಉಕ್ಕಿಸಿದರೆ ಬೇರೆ ಕಡೆ ನೋಡುತ್ತಿದ್ದರು. ‘ಜೇವರ್ಗಿಯಾಕಿ’ ಎಂದೂ ಕರೆಯಲಿಲ್ಲ. ಚಿವುಟಿಸಿಕೊಳ್ಳುವುದೆಲ್ಲ ಈಗ ಹೊಸಬಳ ಪಾಲು. ಅವಳು ತೋಳು ಉಜ್ಜಿಕೊಳ್ಳುತ್ತಾ ಒಳಗೆ ಬಂದು ಅತ್ತಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಂಬುವವರು ನಂಬಲಿ. ಒಮ್ಮೆ ಬೇಕೆಂದೇ ಮಜ್ಜಿಗೆಯ ಗಡಿಗೆ ಕೆಡವಿದೆ. ಅತ್ತೆ ಎದ್ದು ತಾವೇ ಒರೆಸಿದರು.

ಆ ಪ್ರವಾಸವಾದ ಎಂಟನೇ ವರ್ಷ ಲಕ್ವಾ ಹೊಡೆದು ಅತ್ತೆಯ ಬಲಗಡೆ ಹೋಯಿತು. ಎರಡು ತಿಂಗಳು ಎತ್ತಿ ಇಳಿಸಿದವಳು ನಾನೇ. ಮಾತು ಕಡಿಮೆಯಾಗಿತ್ತು, ಆಡಿದ್ದೂ ಅರ್ಧಕ್ಕೆ ನಿಲ್ಲುತ್ತಿತ್ತು. ಆ ದಿನ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಹೊಸಬಳು ಹೊಲದ ಆಳುಗಳಿಗೆ ಬುತ್ತಿ ಒಯ್ದಿದ್ದಳು, ಮಕ್ಕಳು ಸಾಲಿಯಲ್ಲಿದ್ದವು. ಚಮಚೆಯಲ್ಲಿ ನೀರು ಹಾಕಲು ಹೋದೆ. ಅವರು ತುಟಿ ಬಿಗಿದರು. ಖಾಲಿ ಹೊಟ್ಟೆಯಲ್ಲಿರಬೇಕು ಎಂಬಂತೆ ತಲೆ ಆಚೆ ತಿರುಗಿಸಿ, ಬಹಳ ಹೊತ್ತಿನ ಮೇಲೆ ಸ್ಪಷ್ಟವಾಗಿ ಕೇಳಿದರು: “ಘಾಟ್ ಬಂತೇನ ಬೇ?”

ಬಂತ್ರಿ ಅತ್ತಿ, ಇಳೀರಿ ಎನ್ನಬೇಕಿತ್ತು. ಎಂಟು ವರ್ಷ ಅದೊಂದು ಮಾತನ್ನು ಹೇಳಲು ಕಾದಿದ್ದೆ. ಆದರೆ ಬಂತು ಎಂದರೆ ಇಳಿದು ಹೋಗಿಬಿಡುತ್ತಾರೆ ಎನ್ನಿಸಿತು. ಬಾಯಿಂದ ಬಂದದ್ದು ಹಳೆಯದೇ.

“ಮುಂದ ಅದರಿ ಅತ್ತಿ.”

ಕಣ್ಣು ತೆರೆದರು. ನನ್ನನ್ನು ಗುರುತು ಹಿಡಿದರು. ಎಡಗೈ ಹಾಸಿಗೆಯ ಮೇಲೆ ತಡಕಾಡುತ್ತಾ ಬಂದು ನನ್ನ ತೋಳು ಹತ್ತಿತು, ಒಳಮಗ್ಗುಲು ಹುಡುಕಿತು, ಆ ಉಗುರು ಊರಿತು. ಮೈಯಲ್ಲಿ ಉಳಿದದ್ದನ್ನೆಲ್ಲ ಅಲ್ಲಿಗೇ ತಂದು ಚಿವುಟಿದರು. ರಕ್ತ ಬಂತು. ನಾನು ಕೈ ಎಳೆದುಕೊಳ್ಳಲಿಲ್ಲ.

“ಇನ್ನೂ ಸುಳ್ಳ ಹೇಳ್ತಿ ನೋಡ” ಎಂದರು, “ಜೇವರ್ಗಿಯಾಕಿ.”

ಹೊಸಬಳು ಬುತ್ತಿ ಕೊಟ್ಟು ಮರಳುವಷ್ಟರಲ್ಲಿ ಉಸಿರು ನಿಂತಿತ್ತು. ಮೈ ತೊಳೆಸಲು ನೀರು ಕಾಯಿಸುವಾಗ ಅವಳು ನನ್ನ ತೋಳು ನೋಡಿ, “ಅಕ್ಕಾ, ರಕ್ತ ಬರಾಕತ್ತದ, ಅರಿಷಿಣ ಹಚ್ಚಿಕೋರಿ” ಎಂದು ಡಬ್ಬಿ ತಂದಳು.

ಕಲೆ ಉಳಿಯಲಿಲ್ಲವೆಂದರೆ ಏನು ಮಾಡುವುದೆಂದು ನಾನು ಹಚ್ಚಿಕೊಳ್ಳಲಿಲ್ಲ.