ಎಲ್ಲದಕ್ಕೂ ಹೂಂ ಅನ್ನುವವರು

ಮಸ್ಕಿಯ ನಮ್ಮ ಮನೆಯಲ್ಲಿ ಇಬ್ಬರಿಗೂ ಸೇರಿ ಇರುವುದು ಒಂದೇ ಸ್ಮಾರ್ಟ್‌ಫೋನು. ಬೆಳಿಗ್ಗೆ ಅದು ನಮ್ಮ ಯಜಮಾನರದು, ಮಧ್ಯಾಹ್ನ ನನ್ನದು. ಒಂದು ದಿನ ನಿಂಬೆ ಉಪ್ಪಿನಕಾಯಿ ಹಾಕುವುದನ್ನು ಹುಡುಕುತ್ತಿದ್ದರೆ ನಡುವೆ ಕಿವಿಯಂತ್ರದ ಜಾಹೀರಾತು ಬಂತು. ಮರುದಿನ ಕುಪ್ಪಸದ ಹೊಲಿಗೆ ನೋಡಲು ಹೋದೆ, ಅಲ್ಲೂ ಕಿವಿಯಂತ್ರ. "ನಿಮಗ ಕಿವಿ ಕೇಳಂಗಿಲ್ಲೇನ್ರೀ?" ಅಂತ ನಾನು ದಿನಾ ಅವರ ಮೇಲೆ ಒದರುವುದನ್ನು ಈ ಫೋನು ಕದ್ದು ಕೇಳುತ್ತಿದೆ ಅಂದುಕೊಂಡೆ. ಅಲ್ಲಿಂದ ಜಗಳ ಆಡಬೇಕೆನಿಸಿದರೆ ಮೊದಲು ಅದನ್ನು ಅಕ್ಕಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿಯೇ ಶುರು ಮಾಡುತ್ತಿದ್ದೆ.

ಲಿಂಗಸುಗೂರಿನಿಂದ ಬಂದ ಮಗಳು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಫೋನು ನಿನ್ನ ಬೈಗುಳ ಕೇಳಿಲ್ಲ ಬೇ ಯವ್ವಾ. ಇದರಾಗ ಯಾರೋ ಕಿವಿಯಂತ್ರ ಹುಡುಕ್ಯಾರ. ಆ ವೆಬ್‌ಸೈಟ್‌ನಾಗಿಂದ ಕುಕೀ ಅಂತ ಗುರುತಿನ ಚೀಟಿ ಬಂದು ಫೋನಿನಾಗ ಕುಂತದ. ಅದನ್ನ ನೋಡಿ ಜಾಹೀರಾತಿನವರು ನೀ ಹೋದಲ್ಲೆಲ್ಲ ಬೆನ್ನು ಹತ್ಯಾರ. ಚೀಟಿ ಇಡಲೇನು ಅಂತ ಮೊದಲ ಕೇಳಿರ್ತಾರ. 'ಎಲ್ಲಾ ಒಪ್ಪಿಗೆ' ಅಂತ ಒತ್ತಿದವರು ಯಾರು?"

ನಾನಂತೂ ಅಲ್ಲ. ಕೊತ್ತಂಬರಿ ಸಿವುಡಿಗೂ ಚೌಕಾಸಿ ಮಾಡದೆ ಒಪ್ಪುವವಳಲ್ಲ. ಉಳಿದವರು ಒಬ್ಬರೇ.

ಅವರು ಬಸ್ ಕಂಡಕ್ಟರ್ ಆಗಿದ್ದವರು. ಮುದಗಲ್ಲಿನಿಂದ ಸಿಂಧನೂರಿನ ತನಕ ಕಿಕ್ಕಿರಿದ ಬಸ್ಸಿನಲ್ಲಿ, ಹಿಂದಿನ ಸೀಟಿನ ಮುದುಕಿ ಮೆಲ್ಲಗೆ "ನಿಲ್ಲಸಪಾ" ಅಂದರೂ ಸೀಟಿ ಊದುತ್ತಿದ್ದರು. ಆ ಕಿವಿಯ ಬಗ್ಗೆ ಅವರಿಗೆ ಭಾರೀ ಜಂಬ. ಈಗ ಕೇಳಿಸುವುದಿಲ್ಲ ಅಂತ ಅವರಿಗೇ ಗೊತ್ತಾಗಿ, ನನಗೆ ಹೇಳಲಾಗದೆ, ಬೆಳಿಗ್ಗೆ ಒಬ್ಬರೇ ಕೂತು ಹುಡುಕುತ್ತಿದ್ದರು. ನನಗೆ ಕೆಟ್ಟದೆನಿಸಿತು.

ಮಗಳು ಸೆಟ್ಟಿಂಗ್‌ಗೆ ಹೋಗಿ ಹಳೆಯ ಕುಕೀಗಳನ್ನೆಲ್ಲ ಅಳಿಸಿದಳು, ಬೆನ್ನು ಹತ್ತುವಂಥವು ಮತ್ತೆ ಬಾರದಂತೆ ತಡೆ ಹಾಕಿದಳು. ಆಮೇಲೆ ಅಪ್ಪನನ್ನು ಕೂರಿಸಿಕೊಂಡಳು.

"ಕೇಳಿದ ಕೂಡ್ಲೆ ಒಪ್ಪಿಗೆ ಅಂತ ಒತ್ತಬ್ಯಾಡಪಾ. 'ಬೇಡ' ಅನ್ನೋದೂ ಬಾಜೂಕ ಇರ್ತದ, ನೋಡು."

"ಹೂಂ."

"ತಿಳೀತೇನು?"

"ಹೂಂ."

"ಹಂಗಾರ ನಾ ಏನು ಹೇಳ್ದೆ?"

"ಹೂಂ."

ಮಗಳು ನಕ್ಕಳು, ನಾನು ನಗಲಿಲ್ಲ. ಪಕ್ಕದ ಮನೆಯವನು ನಮ್ಮ ಅಂಗಳದಲ್ಲಿ ಎಮ್ಮೆ ಕಟ್ಟಲೇನು ಅಂತ ಕೇಳಿದಾಗಲೂ ಇವರು ಹೀಗೇ ಹೂಂ ಅಂದಿದ್ದರು. ಆ ಎಮ್ಮೆ ಇವತ್ತಿಗೂ ನಮ್ಮ ಅಂಗಳದಲ್ಲೇ ಇದೆ. ಮೊಮ್ಮಗಳು ಫೋನಿನಲ್ಲಿ ಹಾಡು ಹೇಳಿದರೂ ಹೂಂ, ನಾನು ಕಷ್ಟ ಸುಖ ಹೇಳಿಕೊಂಡರೂ ಹೂಂ. ಇಷ್ಟು ದಿನ ಅವರು ಕೇಳಿಸದ ಮಾತಿಗೆಲ್ಲ ಒಪ್ಪಿಗೆ ಒತ್ತುತ್ತಲೇ ಬಂದಿದ್ದರು.

ಮಗಳು ಊರಿಗೆ ಹೋದ ಮೇಲೆ, ಒಲೆಯ ಮುಂದೆ ನಿಂತು, ಹಿಂದೆ ತಿರುಗದೆ ಮೆಲ್ಲಗೆ ಕೇಳಿದೆ: "ಸೋಮವಾರ ಸಿಂಧನೂರಿಗೆ ಕಿವಿ ಡಾಕ್ಟರ್ ಹಂತ್ಯಾಕ ಹೋಗೂಣೇನ್ರೀ?"

"ಹೂಂ," ಅಂದರು.

ಸೋಮವಾರ ಬಸ್ಸಿನಲ್ಲಿ ಕೂತ ಮೇಲೆ ಕೇಳಿದರು, "ಎಲ್ಲಿಗೆ ಹೊಂಟೀವಿ?" ಕಿವಿಗೆ ಬಾಯಿಟ್ಟು ಹೇಳಿದೆ.

"ನಾ ಯಾವಾಗ ಒಪ್ಪೀನಿ?"

"ನೀವು ಎಲ್ಲದಕ್ಕೂ ಒಪ್ಪೇ ಇರ್ತೀರಿ."

ಮುಂದಿನ ಸೀಟಿನ ಕಂಬಿ ಹಿಡಿದು ಅರ್ಧ ಎದ್ದರು. ಈಗ ಇಳಿದೇಬಿಡುತ್ತಾರೆ ಅಂತ ನನಗೆ ಹೆದರಿಕೆ. ಅಷ್ಟರಲ್ಲಿ ಕಂಡಕ್ಟರ್ ಹತ್ತಿರ ಬಂದು ಏನೋ ಕೇಳಿದ. ಈ ಸಲ ಅವರು ಹೂಂ ಅನ್ನಲಿಲ್ಲ.

"ಏನಂದೆಪಾ? ನನಗ ಕೇಳ್ಸಂಗಿಲ್ಲ, ಸ್ವಲ್ಪ ಜೋರಾಗಿ ಹೇಳು," ಅಂದರು.